ಎದುರು ಪಕ್ಷದ ಮೂರು ನಿಮಿಷ

1 ಸೆಪ್ಟೆಂಬರ್ 2024, ಭಾನುವಾರ

ಪುಲಿಕೇಶಿನಗರ, ಹಳೆಯ ಬಂಗಲೆಯೊಂದರ ಮಹಡಿ ಕೋಣೆ. ಇಂದಿನಿಂದ ಹನ್ನೆರಡು ತರಗತಿ, ಭಾನುವಾರ ಸಂಜೆ ನಾಲ್ಕರಿಂದ ಆರು. ಇಂಗ್ಲಿಷ್ ಕಲಿಯುತ್ತಿರುವ ದುಡಿಯುವ ಜನರಿಗೆ ಡಿಬೇಟ್ ಹೇಳಿಕೊಡುವ ಕೆಲಸ. ಬಂದವರು ಹನ್ನೊಂದು ಜನ. ಫ್ಯಾನ್ ಒಂದು.

ಕೇಂದ್ರ ನಡೆಸುವ ಶ್ರೀನಾಥ್ ನನ್ನ ಹಳೆಯ ವಿದ್ಯಾರ್ಥಿ. ಮೊದಲು ಬೇಡವೆಂದಿದ್ದೆ. "ಗ್ರಾಮರ್ ಎಲ್ಲಾ ಬರುತ್ತೆ ಮೇಡಂ ಇವ್ರಿಗೆ. ಆದ್ರೆ ಇಂಟರ್‌ವ್ಯೂನಲ್ಲಿ ಯಾರಾದ್ರೂ 'ನೋ' ಅಂದ್ರೆ ಸಾಕು, ಬಾಯಿ ಮುಚ್ಕೊಂಡ್ಬಿಡ್ತಾರೆ. ಎದುರು ಮಾತಾಡೋದು ಕಲಿಸಿ, ಅಷ್ಟೇ," ಎಂದ. ಕಾಲೇಜಿನಿಂದ ನಿವೃತ್ತಳಾಗಿ ಹದಿನಾಲ್ಕು ತಿಂಗಳಾಯಿತು. ಭಾನುವಾರಗಳು ಉದ್ದ. ಒಪ್ಪಿದೆ.

ಇಂಗ್ಲಿಷ್ ಯಾಕೆ ಬೇಕು ಎಂದು ಒಬ್ಬೊಬ್ಬರನ್ನೂ ಕೇಳಿದೆ. ಹಲಸೂರಿನ ಸೌಂದರ್ಯಾ ಆಸ್ಪತ್ರೆಯಲ್ಲಿ ಆಯಾ, ಮನೆಮಾತು ತಮಿಳು. ಅವಳಿಗೆ ರಿಸೆಪ್ಶನ್ನಿನಲ್ಲಿ ಕೂರಬೇಕು. ಬಸು ಕಲಬುರಗಿಯವನು, ಕೆ.ಆರ್. ಪುರದಲ್ಲಿ ಲಿಫ್ಟ್ ರಿಪೇರಿ. ಶಿವಾಜಿನಗರದಲ್ಲಿ ಕನ್ನಡಕ ಮಾರುವ ಅಸ್ಗರ್. ಇಲ್ಲೇ ಮಾಸ್ಕ್ ರೋಡಿನ ಹಿಂದಿನ ಬೀದಿಯ ಲೈಬಾ, ಇಪ್ಪತ್ತು ವರ್ಷ, ಚುರುಕು. ಎಲ್ಲರಿಗಿಂತ ಹಿರಿಯ ಮಾನಪ್ಪ, ಸುರಪುರದ ಕಡೆಯವರು, ರಾಮಮೂರ್ತಿ ನಗರದಲ್ಲಿ ಬಾಡಿಗೆ ಕೋಣೆ, ಅಪಾರ್ಟ್‌ಮೆಂಟೊಂದರ ಸೆಕ್ಯುರಿಟಿ. ಅವರು ಹೇಳಿದ್ದು: "ನಮ್ಮಲ್ಲಿ ಮೀಟಿಂಗ್ ಇಂಗ್ಲಿಷ್‌ನಾಗ ಆಗ್ತದರೀ. ನನ್ನ ಮ್ಯಾಲಿನ ದೂರು ನನ್ನ ಮುಂದ ಓದ್ತಾರ. ನಾ ಸುಮ್ನ ನಿಂತಿರ್ತೀನಿ. ಬೈದ್ರೋ, ಹೊಗಳಿದ್ರೋ, ಒಂದೂ ತಿಳಿಯಂಗಿಲ್ಲ."

ನಿಯಮಗಳನ್ನು ಬೋರ್ಡಿನ ಮೇಲೆ ಬರೆದೆ. ಪಕ್ಷವನ್ನು ಚೀಟಿ ಎತ್ತಿ ನಿರ್ಧರಿಸುವುದು. ಒಬ್ಬರಿಗೆ ಮೂರು ನಿಮಿಷ. ಎರಡನೇ ನಿಮಿಷಕ್ಕೆ ಗಂಟೆ ಒಂದು ಸಲ ಹೊಡೆಯುವುದು, ಮೂರನೆಯದಕ್ಕೆ ಎರಡು ಸಲ. ಕಾಲೇಜಿನವರು ಬೀಳ್ಕೊಡುವಾಗ ಚರ್ಚಾ ಸಂಘದ ಹಳೆಯ ಹಿತ್ತಾಳೆ ಗಂಟೆಯನ್ನು ನನಗೇ ಕೊಟ್ಟಿದ್ದರು. ಅದು ಈಗ ಕೆಲಸಕ್ಕೆ ಬಂತು.

ಕೋಣೆಯ ಕಿಟಕಿಯಿಂದ ಕೋಲ್ಸ್ ಪಾರ್ಕಿನ ಮರಗಳ ತುದಿ ಕಾಣುತ್ತದೆ. ಕಾಲೇಜಿನ ದಿನಗಳಲ್ಲಿ ಗೆಳತಿ ಶಿರೀನ್ ಮತ್ತು ನಾನು ಡಿಬೇಟ್ ಅಭ್ಯಾಸ ಮಾಡುತ್ತಿದ್ದುದು ಅಲ್ಲೇ.

ಓದುತ್ತಿರುವುದು: ಪೋರ್ಚುಗೀಸಿನಿಂದ ಇಂಗ್ಲಿಷಿಗೆ ಬಂದ ಒಂದು ದಪ್ಪ ಕಾದಂಬರಿ. ಪುಟ 41. ಅನುವಾದ ಎಚ್ಚರಿಕೆಯದು.

8 ಸೆಪ್ಟೆಂಬರ್, ಭಾನುವಾರ

ಬೆಸಿಲಿಕಾ ಚರ್ಚಿನ ಹಬ್ಬ. ಶಿವಾಜಿನಗರದ ಬಸ್ಸುಗಳೆಲ್ಲ ಸುತ್ತಿ ಬರುತ್ತಿದ್ದವು. ಬಂದವರು ಏಳೇ ಜನ.

ವಿಷಯ: ಅಪಾರ್ಟ್‌ಮೆಂಟಿನ ಗೇಟನ್ನು ರಾತ್ರಿ ಹತ್ತಕ್ಕೆ ಮುಚ್ಚಬೇಕು. ಸೌಂದರ್ಯಾ ಪರ, ಮಾನಪ್ಪ ವಿರೋಧ. (ಅವರ ಇಂಗ್ಲಿಷನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ತಪ್ಪುಗಳು ಕಳೆದುಹೋಗುತ್ತವೆ. ಅವರ ಧೈರ್ಯವೂ ಅಷ್ಟರಮಟ್ಟಿಗೆ ಕಳೆದುಹೋಗುತ್ತದೆ.)

ಸೌಂದರ್ಯಾ ಚೆನ್ನಾಗಿಯೇ ಹೇಳಿದಳು. ಮಾನಪ್ಪ ಎದ್ದವರು ನಮ್ಮ ಕಡೆ ನೋಡಲೇ ಇಲ್ಲ. ಅವಳ ಕಡೆಗೆ ತಿರುಗಿ ನಿಂತರು. "ಮೇಡಂ, ನೀವು ಹೇಳಿದ್ದು, ಕಳ್ಳರು ಹತ್ತರ ನಂತರ ಬರುತ್ತಾರೆ. ಸರಿಯೇ?" "ಸರಿ," ಎಂದಳು. "ನೀವು ಹೇಳಿದ್ದು, ಕಾವಲುಗಾರನಿಗೂ ನಿದ್ದೆ ಬೇಕು. ಸರಿಯೇ?" "ಸರಿ." ಹೀಗೇ ಒಂದೊಂದಾಗಿ, ಅವಳು ಹೇಳಿದ್ದನ್ನೆಲ್ಲ, ಅವಳು ಹೇಳಲು ಮರೆತ ಒಂದೆರಡನ್ನೂ ಸೇರಿಸಿ. ಎರಡು ನಿಮಿಷದ ಗಂಟೆ ಹೊಡೆದೆ. ಮುಂದುವರಿಸಿದರು. ಮೂರಕ್ಕೆ ಹೊಡೆದೆ. "ಥ್ಯಾಂಕ್ಯೂ" ಎಂದು ಕೂತುಬಿಟ್ಟರು. ತಮ್ಮ ಪಕ್ಷದ ಒಂದು ಮಾತೂ ಇಲ್ಲ.

ಬಸು ನಕ್ಕ. "ಕಾಕಾ, ನೀವು ಅವ್ರ ವಕೀಲ ಆಗ್ಬಿಟ್ರಲ್ಲ."

"ಏ ಸುಮ್ಕಿರೋ. ಇನ್ನೂ ನಂದು ಬಂದಿದ್ದಿಲ್ಲ."

ಮಾನಪ್ಪ: 10ಕ್ಕೆ 2. ಎರಡು ಅಂಕ ಸ್ಪಷ್ಟ ಉಚ್ಚಾರಣೆಗೆ. ಮುಂದಿನ ವಾರ ಪ್ರತ್ಯೇಕವಾಗಿ ಹೇಳಿಕೊಡಬೇಕು: ಎದುರಾಳಿಯ ವಾದಕ್ಕೆ ಇಪ್ಪತ್ತು ಸೆಕೆಂಡು, ಹೆಚ್ಚಿಲ್ಲ.

10 ಸೆಪ್ಟೆಂಬರ್, ಮಂಗಳವಾರ

ಬೆಳಿಗ್ಗೆ ಕೋಲ್ಸ್ ಪಾರ್ಕಿನಲ್ಲಿ ಎರಡು ಸುತ್ತು. ನಮ್ಮ ಕಾಲದ ಬೆಂಚುಗಳಿಲ್ಲ, ಮರಗಳು ಅವೇ.

1983. ಆಗಿನ ಅಂತರ್ ಕಾಲೇಜು ಡಿಬೇಟುಗಳಲ್ಲಿ ಒಂದು ಕಾಲೇಜಿನಿಂದ ಇಬ್ಬರು ಹೋಗುತ್ತಿದ್ದೆವು. ಒಬ್ಬರು ಪರ, ಒಬ್ಬರು ವಿರೋಧ. ಒಂದೇ ತಂಡ, ಆದರೂ ವೇದಿಕೆಯ ಮೇಲೆ ಎದುರಾಳಿಗಳು. ಇಬ್ಬರ ಅಂಕ ಕೂಡಿಸಿ ಪಾರಿತೋಷಕ. ಶಿರೀನ್ ಮತ್ತು ನಾನು ಎರಡು ವರ್ಷ ಹಾಗೆ ಹೋದೆವು. ಬೇಕರಿಯಿಂದ ಒಂದು ಬನ್ನು ತಂದು ಅರ್ಧರ್ಧ. ಅವಳ ಕೈಗಡಿಯಾರದಲ್ಲಿ ಸಮಯ. ನನ್ನ ವಾದ ಅವಳಿಗೆ ನಾಟಿದರೆ, ನನ್ನ ವಿರುದ್ಧ ಮಾತಾಡಬೇಕಾದವಳೇ ತಲೆ ಹಿಂದಕ್ಕೆ ಹಾಕಿ "ಹೌ" ಎನ್ನುತ್ತಿದ್ದಳು. ಅವರ ಮನೆಮಾತು ದಖನಿಯಲ್ಲಿ ಅದು "ಹೌದು". ನಾಟದಿದ್ದರೆ "ನಕ್ಕೊ, ಬೇಡ ಜಯಾ, ಬೇರೆ ತಾ." ಆ "ಹೌ" ಸಿಕ್ಕರೆ ನನಗೆ ತೀರ್ಪುಗಾರರು ಬೇಕಿರಲಿಲ್ಲ. ಆಮೇಲೆ ಶಿವಾಜಿನಗರದ ಡಬಲ್ ಡೆಕ್ಕರ್, ಮೇಲಿನ ಮುಂದಿನ ಸೀಟು, ಮರದ ಕೊಂಬೆಗಳು ಕಿಟಕಿಗೆ ಬಡಿಯುವಾಗ ಇಬ್ಬರೂ ತಲೆ ಬಗ್ಗಿಸುತ್ತಿದ್ದೆವು, ಗಾಜು ಇದ್ದರೂ.

ಅದೇ ವರ್ಷ ಸೆಪ್ಟೆಂಬರಿನ ಫೈನಲ್‌ನಲ್ಲಿ ನಾನೊಂದು ಉದಾಹರಣೆ ಕೊಟ್ಟೆ. ಅದು ಅವಳ ಬದುಕಿನದು. ಹೆಸರು ಹೇಳಲಿಲ್ಲ. ಆ ಸೋಮವಾರದಿಂದ ಅವಳು ಕಾಲೇಜಿಗೆ ಬರಲಿಲ್ಲ. ಮದುವೆ ಹೇಗೂ ನಿಶ್ಚಯವಾಗಿತ್ತು. ಕರೆಯೋಲೆ ಬಂತು, ನಾನು ಹೋಗಲಿಲ್ಲ.

ಈಗ ಮಗಳ ಮನೆಯಲ್ಲಿದ್ದಾಳೆಂದು ಯಾರೋ ಹೇಳಿದ್ದರು. ಕುಕ್ ಟೌನಿನ ನನ್ನ ಮನೆಯಿಂದ ಒಂದೂವರೆ ಕಿಲೋಮೀಟರ್. ನಲವತ್ತೊಂದು ವರ್ಷದಲ್ಲಿ ಒಮ್ಮೆ ಬೇಕರಿಯ ಬಾಗಿಲಲ್ಲಿ ಎದುರಾದಳು. ತಲೆಯಾಡಿಸಿದಳು. ನಾನೂ ಆಡಿಸಿದೆ.

ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ.

22 ಸೆಪ್ಟೆಂಬರ್, ಭಾನುವಾರ

ತರಗತಿ ಸುಧಾರಿಸುತ್ತಿದೆ. ಅಸ್ಗರ್ ಇನ್ನೂ ಗ್ರಾಹಕರೊಡನೆ ಮಾತಾಡಿದಂತೆ ಮಾತಾಡುತ್ತಾರೆ: "ಎರಡೂ ಪಕ್ಷ ಚೆನ್ನಾಗಿದೆ ಸರ್, ನಿಮ್ಗೆ ಯಾವುದು ಸೂಟ್ ಆಗುತ್ತೋ ನೋಡಿ." ಮಾನಪ್ಪ ಈ ಸಲವೂ ಎದುರಾಳಿಯ ಮಾತಿಗೆ ಎರಡು ನಿಮಿಷ ಕೊಟ್ಟರು. 10ಕ್ಕೆ 3. ಬಸು ವೇಗ, ಗೆಲ್ಲುವ ಹಟ. ಲೈಬಾ ಎಲ್ಲರಿಗಿಂತ ಮುಂದೆ. ಅವಳಿಗೆ ಮಾತಿನ ನಡುವೆ ತಡೆದು ನಿಲ್ಲಲು ಬರುತ್ತದೆ, ಅದನ್ನು ಕಲಿಸಲಾಗದು.

ಮುಗಿದ ಮೇಲೆ ಕೇಳಿದೆ, ಡಿಬೇಟ್ ಎಲ್ಲಿ ಕಲಿತೆ ಎಂದು.

"ಎಲ್ಲೂ ಇಲ್ಲ ಮೇಡಂ. ಮನೇಲಿ ನಾನಿ, ಅಮ್ಮನ ಅಮ್ಮ, ಅವ್ರ ಜೊತೆ ಜಗಳ ಆಡಿ ಆಡಿ." ಬ್ಯಾಗಿನ ಜಿಪ್ ಎಳೆಯುತ್ತ ಹೇಳಿದಳು: "ನಾನಿನೇ ಕಳ್ಸಿದ್ದು. ಇಲ್ಲಿ ಗೇಟಿನ ಬೋರ್ಡ್ ಮೇಲೆ ನಿಮ್ಮ ಹೆಸರು ನೋಡ್ಕೊಂಡು ಬಂದು, ಜಯಮಾಲಾ ಅಂದ್ರೆ ಆ ಜಯಾನೇ ಇರ್ಬೇಕು, ಅವಳ ಹತ್ರಾನೇ ಕಲಿ ಅಂದ್ರು. ನಿಮ್ಗೆ ಗೊತ್ತಾ ಮೇಡಂ ನಮ್ಮ ನಾನಿ? ಶಿರೀನ್ ಅಂತ."

"ಗೊತ್ತು," ಎಂದೆ. "ಒಂದೇ ಕಾಲೇಜು."

"ಅಷ್ಟೇನಾ?"

"ಬಸ್ಸು ತಪ್ಪುತ್ತೆ, ಹೊರಡು," ಎಂದೆ. ಅವಳ ಮನೆಗೆ ನಡೆದರೆ ಐದು ನಿಮಿಷ. ಬಸ್ಸು ಹಿಡಿಯಬೇಕಾದವಳು ನಾನು.

24 ಸೆಪ್ಟೆಂಬರ್, ಮಂಗಳವಾರ

ಲೈಬಾಳ ಕೈಯಲ್ಲಿ ಒಂದು ಚೀಟಿ ಕಳಿಸಬಹುದು. ಏನೆಂದು ಬರೆಯಲಿ? ನನ್ನ ವಾದ ಸಿದ್ಧವಿದೆ, ಮೊದಲಿಂದಲೂ ಇತ್ತು: ಹೆಸರು ಹೇಳಲಿಲ್ಲ, ಮದುವೆ ಹೇಗೂ ಆಗುತ್ತಿತ್ತು, ನನಗಾಗ ಇಪ್ಪತ್ತು ವರ್ಷ. ಮೂರು ಅಂಶ, ಮೂರು ನಿಮಿಷ ಬೇಕಿಲ್ಲ.

ಕಳಿಸಲಿಲ್ಲ. ಕಾದಂಬರಿ, ಪುಟ 212.

6 ಅಕ್ಟೋಬರ್, ಭಾನುವಾರ

ವಿಷಯ: ದೂರದ ಒಳ್ಳೆಯ ಕೆಲಸಕ್ಕಿಂತ ಮನೆಯ ಹತ್ತಿರದ ಸಾಧಾರಣ ಕೆಲಸ ಮೇಲು. ಲೈಬಾ ಪರ, ಬಸು ವಿರೋಧ.

ಲೈಬಾ ಸೊಗಸಾಗಿ ಮಾತಾಡಿದಳು. ಸಂಜೆ ಮನೆಯಲ್ಲಿ ದೀಪ ಹಾಕುವ ಹೊತ್ತಿಗೆ ತಾನೂ ಅಲ್ಲಿರುವುದು, ಅಜ್ಜಿಯ ಕೈಯ ಚಹಾ, ಅಬ್ಬಾ ಅಂಗಡಿ ಮುಚ್ಚಿ ಬರುವ ಸದ್ದು. ಚೀಟಿಯಲ್ಲಿ ಬಂದ ಪಕ್ಷ, ಆದರೂ ತನ್ನದೇ ಮಾಡಿಕೊಂಡಳು.

ಬಸು ಎದ್ದ. ಮೊದಲ ನಿಮಿಷ ಸಾಧಾರಣ. ಆಮೇಲೆ: "ನನ್ನ ಎದುರಾಳಿ ಮನೆಯ ಹತ್ತಿರ ಇರಬೇಕು ಎನ್ನುತ್ತಾರೆ. ಆದರೆ ಕಳೆದ ಮಂಗಳವಾರ ಅವರು ಏರ್‌ಪೋರ್ಟಿಗೆ ಇಂಟರ್‌ವ್ಯೂಗೆ ಹೋಗಿದ್ದರು. ಮನೆಯಲ್ಲಿ ಇಲ್ಲಿ ಎಕ್ಸ್‌ಟ್ರಾ ಕ್ಲಾಸಿದೆ ಎಂದು ಹೇಳಿದ್ದರು. ಅವರ ಕಾಲುಗಳು ನನ್ನ ಪಕ್ಷದಲ್ಲಿವೆ, ಬಾಯಿ ಮಾತ್ರ ಆ ಪಕ್ಷದಲ್ಲಿದೆ."

ಎಲ್ಲರೂ ನಕ್ಕರು, ಚಪ್ಪಾಳೆ. ನಾನು ಹೇಳಿದೆ: "ಹತ್ತಕ್ಕೆ ಹತ್ತು. ಜೀವಂತ ಉದಾಹರಣೆ ಅಂದರೆ ಇದು."

ಲೈಬಾ ಕೂತೇ ಇದ್ದಳು. ಉತ್ತರ ಕೊಡಲು ಅವಳಿಗೆ ಒಂದು ನಿಮಿಷವಿತ್ತು. ಏಳಲಿಲ್ಲ. ಅಸ್ಗರ್ ಮನೆಯಿರುವುದು ಲೈಬಾಳ ಬೀದಿಯಲ್ಲೇ. ಅವರು ನಗದೆ ನೆಲ ನೋಡುತ್ತಿದ್ದರು. ಐದೂವರೆಗೆ ಲೈಬಾ ಬ್ಯಾಗೆತ್ತಿಕೊಂಡು ಹೊರಟಳು. ನನಗೆ ನಮಸ್ಕಾರ ಹೇಳಿಯೇ ಹೋದಳು.

7 ಅಕ್ಟೋಬರ್, ಸೋಮವಾರ

"ಜೀವಂತ ಉದಾಹರಣೆ" ನನ್ನ ಮಾತಲ್ಲ. 1983ರಲ್ಲಿ ತೀರ್ಪುಗಾರರೊಬ್ಬರು ನನ್ನ ಹಾಳೆಯ ಮೇಲೆ ಬರೆದಿದ್ದರು. ಪಕ್ಕದಲ್ಲಿ: ಹತ್ತಕ್ಕೆ ಹತ್ತು.

20 ಅಕ್ಟೋಬರ್, ಭಾನುವಾರ

ಕಳೆದ ವಾರ ದಸರಾ ರಜೆ. ಇವತ್ತು ಮಳೆ, ಬೀದಿ ತುಂಬ ನೀರು. ಆದರೂ ಹತ್ತು ಜನ ಬಂದರು. ಬಾರದವಳು ಲೈಬಾ.

ಬಸು ಕಿಟಕಿಯ ಬಳಿ ಕೂತಿದ್ದ. ಬಿಡುವಿನಲ್ಲಿ ಅವನಾಗಿಯೇ ಹೇಳಿದ: "ಚಾ ಕುಡಿಯಾಗ ಹೇಳಿದ್ಲು ಮೇಡಂ ನಂಗೆ, ನಂಬಿಕೊಂಡು. ಇಂಟರ್‌ವ್ಯೂ ಹೆಂಗಾಯ್ತು ಅಂತ ಕೇಳಿದ್ದೆ ನಾನೇ. ಆಮ್ಯಾಲ ಪಾಯಿಂಟ್ ಬೇಕಾಗಿತ್ತು, ಬಾಯಿಗೆ ಅದೇ ಬಂತು. ಫೋನ್ ಮಾಡಿದ್ರೆ ಎತ್ತವಲ್ಲಳು. ಅವ್ರ ಮನೀಗೆ ಹೋಗಿ ಸಾರಿ ಕೇಳಿ ಬರ್ಲಾ?"

"ಅದೊಂದು ಮಾಡಬೇಡ," ಎಂದೆ. "ಅವಳ ಮನೆಯವರಿಗೆ ಈಗ ಗೊತ್ತಿಲ್ಲದಿದ್ದರೆ, ನೀನು ಹೋದರೆ ಗೊತ್ತಾಗುತ್ತೆ."

ತಪ್ಪು ಅವನದೆಂದು ಅವನು ಒಪ್ಪಿಕೊಂಡಾಯಿತು. ಹತ್ತಕ್ಕೆ ಹತ್ತು ಕೊಟ್ಟವಳನ್ನು ಯಾರೂ ಏನೂ ಅನ್ನಲಿಲ್ಲ.

ಮಾನಪ್ಪನವರಿಗೆ ಇಪ್ಪತ್ತು ಸೆಕೆಂಡಿನ ನಿಯಮವನ್ನು ಮೂರನೆಯ ಸಲ ವಿವರಿಸಿದೆ. ಕೈಕಟ್ಟಿ ಕೇಳಿಸಿಕೊಂಡರು.

"ತಿಳೀತರೀ ಮೇಡಂ. ಆದ್ರ ನಮ್ಮೂರಾಗ ಹಂಗಿಲ್ಲ. ಇಬ್ಬರು ಕಚ್ಚಾಡ್ಕೊಂಡು ಪಂಚಾಯ್ತಿ ಕಟ್ಟಿಗೆ ಬಂದ್ರಂದ್ರ ಹಿರ್ಯಾರು ಮೊದ್ಲ ನಿಂದು ಹೇಳು ಅನ್ನಂಗಿಲ್ಲ. ಅವಂದು ಹೇಳು ಅಂತಾರ. ನನ್ನ ಹೊಲದಾಗ ಎತ್ತು ಬಿಟ್ಟವನ ಸಂಕಟ ನಾ ಹೇಳಬೇಕು. ಅಂವ 'ಹೌದು, ಇಷ್ಟ ನಂದು' ಅನ್ನಬೇಕು. ಅಲ್ಲೀತನ ನಂದು ತಗಿಯಂಗಿಲ್ಲ."

"ಅವನು ಹೌದು ಅನ್ನದಿದ್ದರೆ?"

"ಮತ್ತ ಹೇಳೋದು. ಒಮ್ಮೊಮ್ಮೆ ಹೊತ್ತು ಮುಳುಗ್ತದರೀ." ನಕ್ಕರು. "ಒಮ್ಮೊಮ್ಮೆ ಅವಂದು ಹೇಳಿ ಹೇಳಿ ನಂದು ಮರ್ತೇ ಹೋಗಿರ್ತದ. ಆವಾಗ ಮನೀಗೆ ಹೋಗೋದು."

ಇದು ಡಿಬೇಟ್ ಅಲ್ಲ ಎಂದು ಹೇಳಲು ಹೊರಟೆ. ಹೇಳಲಿಲ್ಲ.

23 ಅಕ್ಟೋಬರ್, ಬುಧವಾರ

ಶಿವಾಜಿನಗರಕ್ಕೆ ಹೋದೆ. ಕನ್ನಡಕದ ಒಂದು ಸ್ಕ್ರೂ ಸಡಿಲವಾಗಿತ್ತು. ಅದು ಸಡಿಲವಾಗಿ ಎರಡು ವರ್ಷವಾಗಿದೆ.

ಅಸ್ಗರ್ ಸ್ಟೂಲ್ ಎಳೆದು ಕೂರಿಸಿದರು, ಚಹಾ ತರಿಸಿದರು. ಸ್ಕ್ರೂ ಬಿಗಿ ಮಾಡಿ, ಗಾಜು ಒರೆಸಿ, ನನ್ನ ಕೈಗೆ ಕೊಡದೆ ಹಿಡಿದುಕೊಂಡೇ ಹೇಳಿದರು: "ಮೇಡಂ, ನೀವು ಸ್ಕ್ರೂಗೆ ಬಂದಿಲ್ಲ."

ನಾನು ಚಹಾ ಲೋಟ ಎತ್ತಿಕೊಂಡೆ.

"ನಾನು ಕನ್ನಡಕ ಮಾರೋನು. ಕೇಳಿದ ಮಾತು ಮಾರಲ್ಲ. ಆ ಹುಡುಗಿ ಅಬ್ಬಾ ದಿನಾ ನಮಾಜಿಗೆ ಸಿಗ್ತಾರೆ, ಸಲಾಂ ಹೇಳ್ತೀನಿ, ಅಷ್ಟೇ." ಆಮೇಲೆ ಕನ್ನಡಕವನ್ನು ನನ್ನ ಮುಖಕ್ಕೆ ತಾವೇ ಇಟ್ಟು, ಸರಿಯಿದೆಯೇ ನೋಡಿದರು. "ಆದ್ರೆ ಆವತ್ತು ನಾನು ಇರ್ಬಾರ್ದಿತ್ತು ಅನ್ನಿಸ್ತು. ಕೇಳಿಸ್ಕೊಂಡೋನಿಗೂ ಭಾರ ಮೇಡಂ ಅದು."

1983ರ ಸಭಾಂಗಣದಲ್ಲಿ ಅಸ್ಗರ್‌ನಂಥವರು ಇರಲಿಲ್ಲ. ಶಿರೀನಳ ಅತ್ತೆಯ ಮಗ ಒಬ್ಬನಿದ್ದ, ಹಿಂದಿನ ಸಾಲಿನಲ್ಲಿ.

27 ಅಕ್ಟೋಬರ್, ಭಾನುವಾರ

ಪ್ರಯೋಗಕ್ಕೆ ಒಂದು ಹೊಸ ನಿಯಮ: ಮೊದಲು ಎದುರು ಪಕ್ಷ. ಎದುರಾಳಿ "ಹೌದು, ಇದೇ ನನ್ನ ಮಾತು" ಎನ್ನುವವರೆಗೆ ನಿಮ್ಮ ಸಮಯ ಶುರುವಾಗುವುದಿಲ್ಲ. ಮಾನಪ್ಪ ಬೋರ್ಡು ಓದಿ, ಬಸುವಿನ ಬೆನ್ನಿಗೆ ಒಂದು ಗುದ್ದು ಕೊಟ್ಟರು. "ನೋಡು ಮಗನ, ಸುರಪುರ ಬಂತು ಬೋರ್ಡ್ ಮ್ಯಾಲೆ."

ಅಪಾರ್ಟ್‌ಮೆಂಟಿನ ಮೀಟಿಂಗಿನ ಸುದ್ದಿಯನ್ನೂ ಹೇಳಿದರು. ಮೂರನೇ ಮಹಡಿಯ ಹೆಂಗಸು, ಪಾರ್ಸೆಲ್ ಕಳೆದಿದೆ ಎಂದು ಕೂಗಾಡಿದರಂತೆ. ಇವರು ಎದ್ದು ಇಂಗ್ಲಿಷಿನಲ್ಲಿ: "ಮೇಡಂ, ನಿಮ್ಮ ಮಗಳ ಹುಟ್ಟುಹಬ್ಬದ ಉಡುಗೊರೆ, ಮಗಳು ಅತ್ತಳು, ನೀವು ಎರಡು ಸಲ ಕೆಳಗೆ ಬಂದಿರಿ, ನಾನು ಎದ್ದು ನಿಲ್ಲಲಿಲ್ಲ. ಸರಿಯೇ?" ಆ ಹೆಂಗಸು "ಸರಿ" ಎಂದು ಕೂತರಂತೆ.

"ಆಮೇಲೆ ನೀವು ಏನು ಹೇಳಿದಿರಿ?"

"ಆಮ್ಯಾಲೇನೂ ಬೇಕಾಗ್ಲಿಲ್ಲರೀ."

ಹೊಸ ನಿಯಮದಿಂದ ತರಗತಿ ನಿಧಾನವಾಯಿತು. ಎರಡು ಗಂಟೆಯಲ್ಲಿ ಎರಡೇ ಚರ್ಚೆ. ಅಂಕ ಕೊಡುವುದು ಹೇಗೆ ಎಂಬುದು ಇನ್ನೂ ಗೊತ್ತಿಲ್ಲ, ಇವತ್ತು ಕೊಡಲಿಲ್ಲ.

ಲೈಬಾ ಬರಲಿಲ್ಲ.

3 ನವೆಂಬರ್, ಭಾನುವಾರ

ದೀಪಾವಳಿ ರಜೆ, ತರಗತಿಯಿಲ್ಲ. ಕಾದಂಬರಿ ಮುಗಿಯಿತು. ಕೊನೆಯಲ್ಲಿ ಅನುವಾದಕಿಯ ಟಿಪ್ಪಣಿಯಿದೆ: ಮೊದಲ ಕರಡಿನಲ್ಲಿ ತನಗೆ ಇಷ್ಟವಾಗದ ಪಾತ್ರದ ಮಾತುಗಳೆಲ್ಲ ಒರಟಾಗಿದ್ದವು, ಮೂಲದಲ್ಲಿ ಅವು ಒರಟಾಗಿರಲಿಲ್ಲ, ಎಲ್ಲವನ್ನೂ ಮತ್ತೆ ಮಾಡಬೇಕಾಯಿತು ಎಂದು. ಆ ಪುಟವನ್ನು ಎರಡು ಸಲ ಓದಿದೆ.

ಸೆಪ್ಟೆಂಬರಿನ ಪುಟದಲ್ಲಿ "ಹೆಸರು ಹೇಳಲಿಲ್ಲ" ಎಂದು ಬರೆದಿದ್ದೇನೆ. ಅದು ಪೂರ್ತಿಯಲ್ಲ. ವಿಷಯ, ಮನೆಯೇ ಹೆಣ್ಣಿನ ಕಲಿಕೆಗೆ ಮೊದಲ ಅಡ್ಡಿ ಎಂಬುದು. ನಾನು ಪರ, ಅವಳು ವಿರೋಧ. ಅವಳು ಮೊದಲು ಮಾತಾಡಿದ್ದಳು. ಅಪ್ಪ ದಿನಾ ಬೆಳಿಗ್ಗೆ ಇಂಗ್ಲಿಷ್ ಪೇಪರನ್ನು ಗಟ್ಟಿಯಾಗಿ ಓದಿಸಿ ತಪ್ಪು ತಿದ್ದುತ್ತಿದ್ದುದನ್ನು ಹೇಳಿದಳು. ಆಮೇಲೆ ನಾನು ಎದ್ದು ಹೇಳಿದ್ದು: "ಈಗ ತಾನೇ ತನ್ನ ಮನೆಯನ್ನು ಹೊಗಳಿದ ಈಕೆ, ಈ ಹೊತ್ತಿನಲ್ಲಿ ಹೊಲಿಗೆ ಕ್ಲಾಸಿನಲ್ಲಿದ್ದಾಳೆಂದು ಆ ಮನೆ ನಂಬಿದೆ."

ಕೈ ಮಾಡಿ ತೋರಿಸಿದೆ. ಹೆಸರು ಬೇಕಿರಲಿಲ್ಲ.

ಹೊಲಿಗೆ ಕ್ಲಾಸಿನ ವಿಷಯ ಅವಳು ನನಗೆ ಡಬಲ್ ಡೆಕ್ಕರಿನಲ್ಲಿ ಹೇಳಿದ್ದಳು, ನಗುತ್ತ. ಕಾಲೇಜಿಗೆ ಕಳಿಸುವ ಅಪ್ಪ ವೇದಿಕೆ ಹತ್ತಲು ಬಿಡುತ್ತಿರಲಿಲ್ಲ. "ಎರಡು ವರ್ಷದಿಂದ ಒಂದೇ ಬ್ಲೌಸು ಹೊಲೀತಾ ಇದೀನಿ ಜಯಾ, ಅಮ್ಮಿಗೆ ಡೌಟ್ ಬಂದಿದೆ."

10 ನವೆಂಬರ್, ಭಾನುವಾರ

ನಾಲ್ಕಕ್ಕೆ ಐದು ನಿಮಿಷವಿರುವಾಗ ಲೈಬಾ ಬಂದಳು. ತನ್ನ ಜಾಗದಲ್ಲೇ ಕೂತಳು. ಬೋರ್ಡಿನ ಮೇಲಿನ ನಿಯಮ ಓದಿದಳು. ಸೌಂದರ್ಯಾ ತನ್ನ ಡಬ್ಬಿಯಿಂದ ಒಂದು ಚಕ್ಕುಲಿ ತೆಗೆದು ಅವಳ ಕೈಗಿಟ್ಟಳು. "ಎಲ್ಲಿ ಹೋಗಿದ್ದೆ ಮಾ? ನೀನಿಲ್ದೆ ನಾನೇ ಫಸ್ಟ್ ಬರ್ತಿದ್ದೆ."

ಬಸು ತಾನಾಗಿಯೇ ಎದ್ದ. ಅವಳ ಕಡೆ ತಿರುಗಿ, ಇಂಗ್ಲಿಷಿನಲ್ಲಿ: "ನಿಮ್ಮ ಪಕ್ಷ ಹೇಳುತ್ತೇನೆ. ನಾನು ನಿಮ್ಮ ಗುಟ್ಟು ಹೇಳಿದೆ, ನಿಮಗೆ ನಾಚಿಕೆಯಾಯಿತು. ಸರಿಯೇ?"

"ಅಲ್ಲ," ಎಂದಳು.

"ಮನೆಯಲ್ಲಿ ಗೊತ್ತಾಗುತ್ತದೆಂದು ಭಯವಾಯಿತು."

"ಅದೂ ಇದೆ. ಅದಲ್ಲ."

ಬಸು ಬೆವರುತ್ತಿದ್ದ. "ನಾನು ಗೆಳೆಯ ಎಂದುಕೊಂಡಿದ್ದಿರಿ. ನಾನು ಚಹಾ ಕುಡಿಯುತ್ತಲೇ ಪಾಯಿಂಟ್ ಸೇರಿಸುತ್ತಿದ್ದೆ ಅನ್ನಿಸಿತು."

ಲೈಬಾ ಯೋಚಿಸಿದಳು. "ಹತ್ತಿರ ಬಂದಿದೀರ."

ಅವನಿಗೆ ಇಂಗ್ಲಿಷ್ ಮುಗಿದುಹೋಯಿತು. ಕನ್ನಡದಲ್ಲಿ ಹೇಳಿದ: "ನೀವು ಮನಿ ಬಗ್ಗೆ ಹೇಳಿದ್ದೂ ಖರೇನೇ ಇತ್ತು. ಏರ್‌ಪೋರ್ಟೂ ಖರೇನೇ ಇತ್ತು. ನಾ ಒಂದನ್ನ ಹಿಡ್ಕೊಂಡು ಇನ್ನೊಂದನ್ನ ಸುಳ್ಳು ಮಾಡ್ಬಿಟ್ಟೆ. ಎಲ್ರ ಮುಂದ."

"ಹೌದು," ಎಂದಳು ಲೈಬಾ. "ಇದೇ ನನ್ನ ಮಾತು."

ಮಾನಪ್ಪ ಬಸುವಿಗೆ ಕೂರಲು ಸನ್ನೆ ಮಾಡಿದರು. "ಇನ್ನ ನಿಂದು ಹೇಳೋದೇನೂ ಉಳಿದಿಲ್ಲ, ಕುಂಡ್ರು."

ಹನ್ನೆರಡು ನಿಮಿಷ ಹಿಡಿದಿತ್ತು. ಗಂಟೆ ಬ್ಯಾಗಿನಲ್ಲೇ ಇತ್ತೆಂದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಎಲ್ಲರೂ ಇಳಿದ ಮೇಲೆ ಲೈಬಾ ಉಳಿದಳು. ನಾನೇ ಮೊದಲು ಹೇಳಿದೆ: "ಆ ಹತ್ತು ಅಂಕ ಕೊಟ್ಟಿದ್ದು ತಪ್ಪು. ಅದು ನನ್ನ ತಪ್ಪು, ಬಸುವಿನದಲ್ಲ."

"ಪರವಾಗಿಲ್ಲ ಮೇಡಂ. ನಾನೇ ಮನೇಲಿ ಹೇಳ್ಬಿಟ್ಟೆ. ಅಬ್ಬಾ ಇನ್ನೂ ಮಾತಾಡ್ತಿಲ್ಲ. ನಾನಿ ಅಬ್ಬಾ ಹತ್ರ ಮಾತಾಡ್ತಿದಾರೆ, ದಿನಾ, ಊಟಕ್ಕೆ ಕೂತಾಗ." ಸ್ವಲ್ಪ ನಕ್ಕಳು. "ನಾನಿಗೆ ಕ್ಲಾಸಲ್ಲಿ ಆಗಿದ್ದೂ ಹೇಳ್ದೆ. ಬೈತಾರೆ ಅನ್ಕೊಂಡಿದ್ದೆ. ಅವ್ರು, ನಿಮ್ಮ ಟೀಚರ್ ಆ ಹುಡ್ಗಂಗೆ ಎಷ್ಟು ಮಾರ್ಕ್ಸ್ ಕೊಟ್ರು ಅಂತ ಕೇಳಿದ್ರು. ಹತ್ತಕ್ಕೆ ಹತ್ತು ಅಂದೆ. ಸುಮಾರು ಹೊತ್ತು ನಕ್ಕರು ಮೇಡಂ. ಕಣ್ಣಲ್ಲಿ ನೀರು ಬರೋವಷ್ಟು. ಆಮೇಲೆ, ಆಗ್ಲೂ ಅವಳಿಗೆ ಅಷ್ಟೇ ಕೊಟ್ಟಿದ್ರು ಅಂದ್ರು."

ನಾನು ಕಿಟಕಿ ಮುಚ್ಚುತ್ತಿದ್ದೆ.

"ಏನು ಮೇಡಂ ಅದು? ಕೇಳಿದ್ರೆ ನಾನಿ ಹೇಳಲ್ಲ. ಅದು ನಾನು ಹೇಳೋದಲ್ಲ, ಅವಳು ಹೇಳ್ಬೇಕು ಅಂತಾರೆ."

12 ನವೆಂಬರ್, ಮಂಗಳವಾರ

ಶಿರೀನಳ ಪಕ್ಷ. ಬರೆದು ನೋಡುತ್ತೇನೆ.

ಮೊದಲ ಸಲ: ಜಯಾ ನನ್ನ ಗುಟ್ಟನ್ನು ಸಭೆಯಲ್ಲಿ ಹೇಳಿದಳು. ನನ್ನ ಓದು ನಿಂತಿತು. ಅವಳಿಗೆ ಆಗ ಇಪ್ಪತ್ತು ವರ್ಷ, ಪರಿಣಾಮ ತಿಳಿದಿರಲಿಲ್ಲ.

ಕೊನೆಯ ವಾಕ್ಯ ಅವಳದಲ್ಲ. ನನ್ನದು. ಹೊಡೆದುಹಾಕಿದೆ.

ಎರಡನೆಯ ಸಲ: ಮದುವೆ ಹೇಗೂ ಆಗುತ್ತಿತ್ತು, ಆದರೂ. ಇದೂ ನನ್ನದೇ. "ಆದರೂ" ಮಾತ್ರ ಅವಳದು.

ಮಧ್ಯಾಹ್ನ ಪಾರ್ಕಿಗೆ ಹೋಗಿ ಬಂದು ಮೂರನೆಯ ಸಲ:

ಮದುವೆ ನಿಲ್ಲುವುದಿಲ್ಲವೆಂದು ನನಗೆ ನಿನಗಿಂತ ಚೆನ್ನಾಗಿ ಗೊತ್ತಿತ್ತು. ಪರೀಕ್ಷೆಗೆ ಇನ್ನೂ ಏಳು ತಿಂಗಳಿತ್ತು. ಆ ಏಳು ತಿಂಗಳು ನನ್ನವು. ಅಷ್ಟನ್ನು ಉಳಿಸಿಕೊಳ್ಳಲು ಎರಡು ವರ್ಷ ಒಂದೇ ಬ್ಲೌಸು ಹೊಲಿದೆ. ಅಪ್ಪನ ಬಗ್ಗೆ ಆವತ್ತು ನಾನು ಹೇಳಿದ್ದು ನಿಜ. ಪೇಪರ್ ಓದಿಸಿದವರು ಅವರೇ. ನನ್ನ ಇಂಗ್ಲಿಷ್ ಅವರದು. ಹೊಲಿಗೆ ಕ್ಲಾಸಿನ ಸುಳ್ಳೂ ನಿಜ. ಎರಡೂ ಒಂದೇ ಮನೆಯಲ್ಲಿದ್ದವು, ನಾನು ಎರಡರ ನಡುವೆ ಹೇಗೋ ದಾರಿ ಮಾಡಿಕೊಂಡಿದ್ದೆ. ನೀನು ಕೈ ತೋರಿಸಿದ ಮೇಲೆ ಅಪ್ಪನಿಗೆ ಉಳಿದದ್ದು ಸುಳ್ಳು ಮಾತ್ರ. ನಾನು ಅವರನ್ನು ಹೊಗಳಿದ್ದನ್ನು ಯಾರೂ ಅವರಿಗೆ ಹೇಳಲಿಲ್ಲ. ಮತ್ತೆ ನನ್ನ ಕೈಗೆ ಪೇಪರ್ ಕೊಡಲಿಲ್ಲ ಅವರು. ನಮ್ಮ ತಂಡಕ್ಕೆ ಆ ವರ್ಷ ಪಾರಿತೋಷಕ ಬಂತು. ಅದರ ಮೇಲೆ ನನ್ನ ಹೆಸರೂ ಇದೆ. ನೀನು ಬರುತ್ತೀಯ ಎಂದು ಕರೆಯೋಲೆ ಕಳಿಸಿದ್ದೆ.

ಇಲ್ಲಿಗೆ ನಿಲ್ಲಿಸಿದೆ. ಪೇಪರ್ ಕೊಡಲಿಲ್ಲ ಎಂಬುದು ನನಗೆ ಗೊತ್ತಿಲ್ಲ, ಊಹೆ. ಉಳಿದುದರಲ್ಲಿ ಎಷ್ಟು ಸರಿ ಎಂದು ಹೇಳಬಲ್ಲವಳು ಒಬ್ಬಳೇ.

ಗಟ್ಟಿಯಾಗಿ ಓದಿ ನೋಡಿದೆ. ಎರಡು ನಿಮಿಷವೂ ಆಗುವುದಿಲ್ಲ.

15 ನವೆಂಬರ್, ಶುಕ್ರವಾರ

ಬೇಕರಿಗೆ ಹೋಗಿದ್ದೆ. ಆ ಬನ್ನು ಈಗಲೂ ಸಿಗುತ್ತದೆ, ಚಿಕ್ಕದಾಗಿದೆ. ಭಾನುವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ತಾಜಾ ಬರುತ್ತದೆ ಎಂದು ಕೇಳಿಕೊಂಡೆ. ಹತ್ತಕ್ಕೆ.

ಶ್ರೀನಾಥ್ ಫೋನ್ ಮಾಡಿದ್ದ. ಕೊನೆಯ ತರಗತಿಗೆ ಮನೆಯವರನ್ನೂ ಕರೆಯೋಣ, ಅಂಕಪಟ್ಟಿ ತಯಾರಿಸಿಡಿ ಎಂದ. ಅಂಕಪಟ್ಟಿಯಿಲ್ಲ ಎಂದೆ. "ಏನ್ ಮೇಡಂ, ನೀವೇ ಹಿಂಗಂದ್ರೆ?" ಎಂದ.

ನಾಡಿದ್ದು, ಭಾನುವಾರ, ಹನ್ನೊಂದಕ್ಕೆ ಹೋಗುತ್ತೇನೆ. ಮಾಸ್ಕ್ ರೋಡಿನ ಹಿಂದಿನ ಬೀದಿ, ಮೆಟ್ಟಿಲ ಪಕ್ಕ ಹಸಿರು ಗೇಟು ಎಂದು ಲೈಬಾ ಹೇಳಿದ್ದಾಳೆ. ಚೀಟಿ ಒಯ್ಯುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಮೊದಲು ಅವಳದು. ತಪ್ಪಿದರೆ ಮತ್ತೆ ಹೇಳುತ್ತೇನೆ, ನಾಲ್ಕರ ತರಗತಿಗೆ ತಡವಾದರೆ ಮಾನಪ್ಪ ನಡೆಸಿಕೊಳ್ಳುತ್ತಾರೆ.

ಅವಳು "ಹೌ" ಎನ್ನುವವರೆಗೆ ನನ್ನದು ಶುರು ಮಾಡುವುದಿಲ್ಲ.